ನೆಲಕ್ಕೊಪ್ಪುವ ಮನೆ

ಚನ್ನಪಟ್ಟಣವೆಂದೊಡನೆ ಕೇಳುವವರ ಮನಸ್ಸಿಗೆ ಮೊದಲು ಬರುವುದು ಬೊಂಬೆ. ಅದು ಸಹಜವೇ. ಬಣ್ಣದ ಕುದುರೆ, ಬುಗುರಿ, ಗಿಲಕಿ, ನೂಕುಬಂಡಿ ಇವು ಆ ಊರಿನ ಹೆಸರನ್ನು ದೇಶದೇಶಗಳಿಗೂ ಒಯ್ದಿವೆ. ಆದರೆ ಈ ಹೊತ್ತು ನಾವು ಹೇಳಬೇಕೆಂದಿರುವುದು ಬೊಂಬೆಯನ್ನು ಕುರಿತಲ್ಲ. ಆ ಸೀಮೆಯ ಮನೆಗಳನ್ನೂ, ಮನೆಗಳನ್ನು ಸುತ್ತಿಕೊಂಡಿರುವ ತೋಟ, ಕೆರೆ, ಬಂಡೆಗಳನ್ನೂ ಕುರಿತದ್ದು. ಬೊಂಬೆಯ ಪ್ರಸ್ತಾಪ ನಡುವೆ ಬಂದೇ ಬರುತ್ತದೆ. ಒಂದು ಕೈಗೆಲಸ ಬದುಕಿ ಉಳಿದದ್ದು ಹೇಗೆ, ಅದರ ನೆರೆಯಲ್ಲೇ ಇದ್ದ ಇನ್ನೊಂದು ಕೈಗೆಲಸ ಕೃಶವಾದದ್ದು ಏತಕ್ಕೆ ಎಂಬ ಪ್ರಶ್ನೆಗೆ ಉತ್ತರ ಹೇಳಬಲ್ಲುದು ಆ ಬೊಂಬೆಯೇ.

ಈ ವಿಷಯವನ್ನು ಈಗ ಎತ್ತಿಕೊಳ್ಳುವುದಕ್ಕೆ ಕಾರಣವುಂಟು. 2023ರ ಮಾರ್ಚಿಯಲ್ಲಿ ಬೆಂಗಳೂರು ಮೈಸೂರುಗಳ ನಡುವೆ ಸುಮಾರು 118 ಕಿಲೋಮೀಟರು ಉದ್ದದ ಹೊಸ ಹೆದ್ದಾರಿ ತೆರೆಯಿತು. ರಾಮನಗರ ಚನ್ನಪಟ್ಟಣಗಳ ಪೇಟೆಬೀದಿಗಳನ್ನು ಹೊಗದೆ ಅದು ಪಕ್ಕದಲ್ಲಿ ಹಾದುಹೋಗುತ್ತದೆ. ಹಿಂದೆ ಪ್ರಯಾಣಿಕರು ಪೇಟೆಯಲ್ಲಿ ಬಂಡಿ ನಿಲ್ಲಿಸಿ ಮಕ್ಕಳಿಗೆಂದು ಬೊಂಬೆ ಕೊಳ್ಳುತ್ತಿದ್ದರು. ಈಗ ಕಣ್ಣುಮುಚ್ಚಿ ತೆರೆಯುವುದರೊಳಗೆ ಊರು ಹಿಂದಾಗುತ್ತದೆ. ಆದರೆ ನಗರದವರು ನಿಲ್ಲುವುದನ್ನು ಬಿಟ್ಟರೂ ನೆಲೆಸುವುದನ್ನು ಬಿಟ್ಟಿಲ್ಲ. ಎರಡು ಎಕರೆ ಭೂಮಿ, ಅದರ ನಡುವೆ ಒಂದು ತೋಟದ ಮನೆ ಎಂಬುದು ಇಂದು ಬೆಂಗಳೂರಿನ ಅನೇಕ ವಿದ್ಯಾವಂತ ಕುಟುಂಬಗಳ ಮನೋರಥವಾಗಿದೆ. ಮನೋರಥ ಒಳ್ಳೆಯದೇ. ಆ ಮನೆ ಎಂಥದಾಗಿರಬೇಕು ಎಂಬುದನ್ನು ಮಾತ್ರ ಯೋಚಿಸುವವರು ಕಡಮೆ. ನಗರದ ಬಡಾವಣೆಯಲ್ಲಿ ಕಟ್ಟಿದ ಮನೆಯನ್ನೇ ಎತ್ತಿ ತಂದು ತೆಂಗಿನ ಮರಗಳ ನಡುವೆ ಇಟ್ಟಂತೆ ಕಟ್ಟುವುದು ಈಗಿನ ವಾಡಿಕೆ. ಅದು ಆ ನೆಲದ ಮನೆಯಲ್ಲ. ಆ ನೆಲಕ್ಕೆ ಬಂದ ಮನೆ.

ಮನೆಯು ನೆಲಕ್ಕೆ ಒಪ್ಪಬೇಕೆಂದರೆ ಏನರ್ಥ? ಇದಕ್ಕೆ ಬಹಳ ಸುಲಭವಾದ ಒಂದು ಅಳತೆಗೋಲನ್ನು ಮಹಾತ್ಮಾ ಗಾಂಧಿಯವರು ಸೂಚಿಸಿದ್ದರು. ಆದರ್ಶ ಗ್ರಾಮದ ಮನೆಗೆ ಬೇಕಾದ ಸಾಮಗ್ರಿಯೆಲ್ಲ ಆ ಗ್ರಾಮಕ್ಕೆ ಐದು ಮೈಲಿಯ ಒಳಗೇ ದೊರೆಯುವಂಥದಾಗಿರಬೇಕೆಂಬುದು ಅವರ ಅಭಿಪ್ರಾಯ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ 1917ರಲ್ಲಿ ಹುಟ್ಟಿ, ನಮ್ಮ ದೇಶಕ್ಕೆ ಬಂದು, ಕೇರಳದಲ್ಲಿ ನೆಲೆಸಿ, 2007ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ ಲಾರಿ ಬೇಕರ್ ಈ ಮಾತನ್ನು ತಮ್ಮ ಜೀವಮಾನದ ಸೂತ್ರವಾಗಿ ಇಟ್ಟುಕೊಂಡಿದ್ದರು. ಐದು ಮೈಲಿ ಎಂಬುದನ್ನು ಅಕ್ಷರಶಃ ಹಿಡಿಯಬೇಕಾಗಿಲ್ಲ, ಹತ್ತಾದರೂ ಆಗಬಹುದು. ತತ್ತ್ವ ಮುಖ್ಯ. ಚನ್ನಪಟ್ಟಣವನ್ನು ಮಧ್ಯದಲ್ಲಿಟ್ಟು ಹೀಗೊಂದು ವೃತ್ತವನ್ನು ಎಳೆದು, ಅದರೊಳಗೆ ಏನೇನಿದೆ ಎಂದು ನೋಡೋಣ.

ಮೊದಲನೆಯದು ಕಲ್ಲು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂದು ಹೆಸರಿತ್ತು. ಮೈಸೂರಿನಲ್ಲಿ ಇಂಗ್ಲಿಷರ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬುವನ ಜ್ಞಾಪಕಾರ್ಥವಾಗಿ ಬಂದ ಹೆಸರದು. ಊರಿನಿಂದ ಆ ಹೆಸರು ಅಳಿಸಿಹೋಯಿತು, ಆದರೆ ಕಲ್ಲಿನಲ್ಲಿ ಉಳಿಯಿತು. ಮಾಗಡಿಯ ಸಾವನದುರ್ಗ, ರಾಮನಗರದ ರಾಮದೇವರ ಬೆಟ್ಟ ಮೊದಲಾದುವುಗಳನ್ನು ಒಳಗೊಂಡು ಉತ್ತರ ದಕ್ಷಿಣವಾಗಿ ನೂರಾರು ಮೈಲಿ ಹಬ್ಬಿರುವ ಶಿಲಾಪಂಕ್ತಿಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಸಾವನದುರ್ಗವೊಂದೇ ಸಮುದ್ರಮಟ್ಟದಿಂದ 1,226 ಮೀಟರು ಎತ್ತರಕ್ಕೆ ಎದ್ದು ನಿಂತಿರುವ ಏಕಶಿಲೆ.

ಈ ಕಲ್ಲಿಗೆ ಒಂದು ಸ್ವಭಾವವುಂಟು. ಬಂಡೆಯ ಮೈ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿಡುತ್ತದೆ. ನಮ್ಮ ಕಲ್ಲೊಡೆಯುವವರು ಈ ಸ್ವಭಾವವನ್ನು ಬಹುಕಾಲದ ಹಿಂದೆಯೇ ಕಂಡುಕೊಂಡಿದ್ದರು. ಬಂಡೆಯ ಮೇಲೆ ಸಾಲಾಗಿ ಸೌದೆಯನ್ನು ಒಡ್ಡಿ ಬೆಂಕಿಯಿಡುವುದು. ಕಾವಿಗೆ ಮೇಲಿನ ಪದರ ಹಿಗ್ಗಿ ಕೆಳಗಿನದನ್ನು ಬಿಡುತ್ತದೆ. ಸುತ್ತಿಗೆಯಿಂದ ಬಡಿದು ಸದ್ದನ್ನು ಕೇಳಿ, ಕಲ್ಲು ಎಲ್ಲಿಯವರೆಗೆ ಬಿಟ್ಟಿದೆ ಎಂಬುದನ್ನು ತಿಳಿದು ಬೆಂಕಿಯನ್ನು ಮುಂದುಮುಂದಕ್ಕೆ ಸರಿಸುವುದು. ಹೀಗೆ ಬಿಟ್ಟುಕೊಂಡ ಹಾಸನ್ನು ಉಳಿಯಿಂದ ಗುಳಿ ತೋಡಿ, ಬೆಣೆ ಹೊಡೆದು, ಬೇಕಾದ ಅಗಲಕ್ಕೆ ಸೀಳುವುದು. ಬೆಂಗಳೂರಿನ ಸುತ್ತಿನ ಈ ವಿದ್ಯೆಯನ್ನು ಕಂಡು ವಾರ್ತ್ ಎಂಬ ವಿದ್ವಾಂಸನು 1895ರಲ್ಲಿ ‘ನೇಚರ್’ ಎಂಬ ಪ್ರಸಿದ್ಧ ವಿಜ್ಞಾನಪತ್ರಿಕೆಯಲ್ಲಿ ವರ್ಣಿಸಿ ಬರೆದನು. ಮದ್ದಿಲ್ಲದೆ, ಯಂತ್ರವಿಲ್ಲದೆ, ಕಿವಿ ಮತ್ತು ಸುತ್ತಿಗೆಗಳಿಂದ ಇಷ್ಟು ದೊಡ್ಡ ಕಲ್ಲಿನ ಹಾಳೆಗಳನ್ನು ಎತ್ತುವರೆಂಬುದು ಪಾಶ್ಚಾತ್ಯರಿಗೂ ಸೋಜಿಗವಾಗಿತ್ತು. ಆ ಚಪ್ಪಡಿಗಳೇ ಹೊಲದ ಬೇಲಿಗೆ ಕಂಬವಾದುವು, ಚರಂಡಿಗೆ ಮುಚ್ಚಳವಾದುವು, ಜಗುಲಿಗೆ ಹಾಸಾದುವು, ಕೆಲವೆಡೆ ಗೋಡೆಯೂ ಸೂರೂ ಆದುವು.

ಎರಡನೆಯದು ಮಣ್ಣು. ಈ ಸೀಮೆಯ ಕೆಂಪು ಮಣ್ಣು ಗೋಡೆಗೆ ಒದಗುವ ಮಣ್ಣು. ಅದನ್ನು ನೆನೆಸಿ, ತುಳಿದು, ಹುಲ್ಲು ಬೆರಸಿ, ವರಸೆವರಸೆಯಾಗಿ ಇಟ್ಟು ಒಣಗಿಸಿ ಎಬ್ಬಿಸಿದ ಒಂದೂವರೆ ಅಡಿಯ ಗೋಡೆ ಮಧ್ಯಾಹ್ನದ ಕಾವನ್ನು ಒಳಕ್ಕೆ ಬಿಡಲು ಸಂಜೆಯವರೆಗೂ ತಡೆಯುತ್ತದೆ. ಆ ಹೊತ್ತಿಗೆ ಹೊರಗೆ ತಂಗಾಳಿ ಬೀಸತೊಡಗಿರುತ್ತದೆ. ಕೆರೆಯ ಜೇಡಿಮಣ್ಣು ಹೆಂಚಿಗೆ. ಕುಂಬಾರನು ತನ್ನ ಚಕ್ರದ ಮೇಲೆ ಕೊಳವೆಯನ್ನು ಎಬ್ಬಿಸಿ, ಅದನ್ನು ಉದ್ದಕ್ಕೆ ಸೀಳಿ, ಸುಟ್ಟು, ನಾಡಹೆಂಚು ಮಾಡುತ್ತಿದ್ದನು. ಹೀಗೆ ಹೆಂಚಿಗೆ ಮಣ್ಣು ತೆಗೆದಷ್ಟೂ ಕೆರೆಯ ಹೂಳು ಕಡಮೆಯಾಗುತ್ತಿತ್ತು. ಒಂದು ಕೆಲಸಕ್ಕೆ ಎರಡು ಫಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಮಂಗಳೂರು ಹೆಂಚು ಕ್ರಮೇಣ ನಾಡಹೆಂಚಿನ ಜಾಗವನ್ನು ಆಕ್ರಮಿಸಿತು. ಅದೂ ಸುಟ್ಟ ಮಣ್ಣೇ ಆದುದರಿಂದ ಮನೆಯ ಸ್ವಭಾವ ಅದರಿಂದ ಕೆಡಲಿಲ್ಲ.

ಮೂರನೆಯದು ಸುಣ್ಣ. ಗಾರೆ ಘಾಣದಲ್ಲಿ ಎತ್ತು ಕಟ್ಟಿ ಅರೆದು, ಬೆಲ್ಲದ ನೀರು ಅಳಲೆಕಾಯಿಯ ನೀರುಗಳನ್ನು ಸೇರಿಸಿ ಹದಗೊಳಿಸಿದ ಗಾರೆಯಿಂದಲೇ ನಮ್ಮ ಹಿರಿಯರ ಕಟ್ಟಡಗಳೆಲ್ಲ ನಿಂತಿವೆ. ಸುಣ್ಣದಕಲ್ಲನ್ನು ಸುಡಲು ಸುಮಾರು 900 ಡಿಗ್ರಿ ಕಾವು ಸಾಕು. ಸಿಮೆಂಟಿಗೆ ಸುಮಾರು 1,450 ಡಿಗ್ರಿ ಬೇಕು. ಅಲ್ಲದೆ, ಸುಡುವಾಗ ಕಲ್ಲಿನಿಂದ ಹೊರಬಿದ್ದ ಇಂಗಾಲಾಮ್ಲವನ್ನು ಗಾರೆಯು ಗಟ್ಟಿಯಾಗುತ್ತ ಗಾಳಿಯಿಂದ ಬಹುಮಟ್ಟಿಗೆ ಹಿಂದಕ್ಕೆ ಹೀರಿಕೊಳ್ಳುತ್ತದೆ. ಪ್ರಪಂಚದ ವಾಯುಮಂಡಲಕ್ಕೆ ಮನುಷ್ಯರು ಸೇರಿಸುವ ಇಂಗಾಲಾಮ್ಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನ ತಯಾರಿಕೆಯಿಂದಲೇ ಬರುತ್ತದೆಂಬುದನ್ನು ನೆನೆದರೆ ಹಳೆಯ ಗಾರೆಯ ಬೆಲೆ ತಿಳಿಯುತ್ತದೆ.

ನಾಲ್ಕನೆಯದು ಮರ. ತೆಂಗು, ಹಲಸು, ಬೇವು, ಬಿದಿರು ಇವೆಲ್ಲ ತೋಟದಲ್ಲೂ ಬೇಲಿಯಲ್ಲೂ ಬೆಳೆಯುವಂಥವು. ಇವುಗಳ ಜೊತೆಗೆ ಹಾಲೆ ಮರ. ಅದರ ಬಿಳುಪಾದ, ನುಣುಪಾದ ಕಟ್ಟಿಗೆಯೇ ಚನ್ನಪಟ್ಟಣದ ಬೊಂಬೆಗೆ ಮೂಲದ್ರವ್ಯ. ತಿರುಗುವ ಕಟ್ಟಿಗೆಗೆ ಉಳಿ ಹಿಡಿದು ರೂಪ ಕೊಟ್ಟು, ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ತಾಳೆಗರಿಯಿಂದ ತಿಕ್ಕಿದರೆ ಹೊಳಪು ಬರುತ್ತದೆ. ಬೆಂಕಿಯಿಲ್ಲ, ಎಣ್ಣೆಬಣ್ಣವಿಲ್ಲ. ಹತ್ತಿರದಲ್ಲಿ ಸಿಕ್ಕುವ ಪದಾರ್ಥವನ್ನು ಅದರ ಗುಣವರಿತು ಬಳಸುವ ವಿದ್ಯೆಗೆ ಇದಕ್ಕಿಂತ ಚೆಲುವಾದ ಉದಾಹರಣೆ ದೊರೆಯಲಾರದು.

ಈ ನಾಲ್ಕು ಪದಾರ್ಥಗಳಿಂದ ಹುಟ್ಟಿದ್ದು ನಮ್ಮ ತೊಟ್ಟಿಯ ಮನೆ. ಬೀದಿಗೆ ಜಗುಲಿ, ದಾರಿಹೋಕನಿಗೆ ಅಲ್ಲಿ ಕುಳಿತುಕೊಳ್ಳಲು ಹಕ್ಕುಂಟು. ಒಳಗೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತಲೂ ಮರದ ಕಂಬಗಳ ಮೇಲೆ ಇಳಿಜಾರಾದ ಹೆಂಚಿನ ಮಾಡು. ಬಿಸಿಯಾದ ಗಾಳಿ ತೊಟ್ಟಿಯಿಂದ ಮೇಲಕ್ಕೇರಿದರೆ ಬಾಗಿಲುಗಳಿಂದ ತಂಪಾದದ್ದು ಒಳಬರುತ್ತದೆ. ಮಳೆಯ ನೀರು ನಾಲ್ಕು ಮಾಡುಗಳಿಂದ ತೊಟ್ಟಿಗೆ ಬಿದ್ದು ಹಿತ್ತಲಿಗೆ ಹರಿಯುತ್ತದೆ. ಹಿತ್ತಲಲ್ಲಿ ಬಾವಿ, ಬಚ್ಚಲ ನೀರು ಕುಡಿಯುವ ಬಾಳೆ, ನುಗ್ಗೆ, ಕರಿಬೇವು, ಒಂದು ನಿಂಬೆ, ದೇವರಿಗೆಂದು ದಾಸವಾಳ, ಕಣಿಗಿಲೆ. ತೋಟವೆಂಬುದು ಮನೆಯಿಂದ ಬೇರೆಯಾದ ಅಲಂಕಾರವಲ್ಲ. ಮನೆಯ ಊಟಕ್ಕೂ ಪೂಜೆಗೂ ನೆರಳಿಗೂ ಸೇರಿದ್ದು. ಇಂಗ್ಲಿಷರ ಹುಲ್ಲುಹಾಸನ್ನು ಕಂಡು ನಾವು ಮರುಳಾದೆವು. ಆ ದೇಶದಲ್ಲಿ ಮಳೆ ವರ್ಷವೆಲ್ಲ ಹನಿಯುತ್ತದೆ. ಅಲ್ಲಿ ಹುಲ್ಲು ದೇವರು ಕೊಟ್ಟದ್ದು. ಇಲ್ಲಿ ಅದು ಕೊಳವೆಬಾವಿ ಕೊಟ್ಟದ್ದು.

ಇಷ್ಟು ಹೇಳಿದ ಮೇಲೆ, ಕೆಲವರು ಕೇಳದೆ ಬಿಡುವುದಿಲ್ಲ: “ಹಳೆಯ ಮನೆ ಅಷ್ಟು ಚೆನ್ನಾಗಿದ್ದರೆ ಹಳ್ಳಿಯವರೇ ಅದನ್ನು ಏಕೆ ಬಿಟ್ಟರು?” ಈ ಪ್ರಶ್ನೆಯನ್ನು ಲಘುವಾಗಿ ಕಾಣಬಾರದು. ಮಣ್ಣಿನ ಗೋಡೆಗೆ ವರ್ಷವರ್ಷವೂ ಸಾರಣೆಯಾಗಬೇಕು. ಆ ಕೆಲಸ ಬಿದ್ದದ್ದು ಹೆಂಗಸರ ಪಾಲಿಗೆ. ಹೆಂಚು ಸರಿದರೆ ಸೋರುತ್ತದೆ. ಕೋತಿಗಳ ಹಾವಳಿಯಿದ್ದರೆ ಹೇಳಬೇಕಾದ್ದೇ ಇಲ್ಲ. ಗೆದ್ದಲು ತೊಲೆಯನ್ನು ತಿನ್ನುತ್ತದೆ. ಒಳಗೆ ಬೆಳಕು ಕಡಮೆ. ಇದಕ್ಕೆಲ್ಲ ಮೇಲಾಗಿ, ಮಣ್ಣಿನ ಮನೆ ಬಡವನ ಮನೆ, ತಾರಸಿಯ ಮನೆ ಅನುಕೂಲಸ್ಥನ ಮನೆ ಎಂಬ ಭಾವನೆ ನಾಡಿನಲ್ಲೆಲ್ಲ ಬೇರೂರಿದೆ. ಈಜಿಪ್ಟಿನಲ್ಲಿ ಹಸನ್ ಫತಿ ಎಂಬ ವಾಸ್ತುಶಿಲ್ಪಿ 1940ರ ದಶಕದಲ್ಲಿ ಹೊಸ ಗೂರ್ನಾ ಎಂಬ ಗ್ರಾಮವನ್ನು ಹಸಿ ಇಟ್ಟಿಗೆಯ ಕಮಾನು ಗುಮ್ಮಟಗಳಿಂದ ಬಹು ಸುಂದರವಾಗಿ ಕಟ್ಟಿಸಿದನು. ಜಗತ್ತು ಅದನ್ನು ಕೊಂಡಾಡಿತು. ಆದರೆ ಯಾರಿಗಾಗಿ ಕಟ್ಟಿದ್ದನೋ ಆ ಜನರಲ್ಲಿ ಬಹುಮಂದಿ ಅಲ್ಲಿಗೆ ಬಾರದೆಹೋದರು. ಅವರ ಜೀವನೋಪಾಯವೆಲ್ಲ ಹಳೆಯ ಊರಿನಲ್ಲಿತ್ತು. ಮನೆ ಎಷ್ಟು ಚೆಲುವಾದರೂ ಬದುಕಿಗೆ ಹೊಂದದಿದ್ದರೆ ನಿಲ್ಲದು. ಆದಕಾರಣ ಹಳ್ಳಿಯವರಿಗೆ ಹಳೆಯ ಮನೆಯಲ್ಲೇ ಇರಿ ಎಂದು ನಗರದಲ್ಲಿ ಕುಳಿತು ಉಪದೇಶಿಸುವ ಅಧಿಕಾರ ನಮಗಿಲ್ಲ.

ಹಾಗಾದರೆ ಹಳೆಯದನ್ನು ಕೈಬಿಡಬೇಕೆ? ಇಲ್ಲಿಯೇ ಬೊಂಬೆಯ ಪಾಠ ನಮಗೆ ಬೇಕಾಗುವುದು. ಬೊಂಬೆಯ ಕೆಲಸವೂ ಹಳೆಯದೇ. ಟಿಪ್ಪೂ ಸುಲ್ತಾನನು ಅದಕ್ಕೆ ಆಶ್ರಯ ಕೊಟ್ಟನೆಂಬ ಪ್ರತೀತಿ ಇದೆ. ಆದರೆ ಅದು ಟಿಪ್ಪುವಿನ ಕಾಲದ ರೂಪದಲ್ಲಿಯೇ ಉಳಿಯಲಿಲ್ಲ. ಬಿಲ್ಲಿನಿಂದ ತಿರುಗಿಸುತ್ತಿದ್ದ ಜಾಗದಲ್ಲಿ ವಿದ್ಯುಚ್ಛಕ್ತಿಯ ಯಂತ್ರ ಬಂತು. ಮಕ್ಕಳು ಬಾಯಿಗಿಡುವ ವಸ್ತುವೆಂದು ವಿಷವಿಲ್ಲದ ಬಣ್ಣಗಳು ಮತ್ತೆ ಬಳಕೆಗೆ ಬಂದುವು. ಬುಗುರಿ ಮಾಡುತ್ತಿದ್ದವರು ಶಾಲೆಯ ಲೆಕ್ಕದ ಮಣಿಗಳನ್ನೂ ಮನೆಯ ದೀಪದ ಕಂಬಗಳನ್ನೂ ಮಾಡಿದರು. 2006ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಇಷ್ಟಾದರೂ ಕೆಲಸಗಾರರ ಕಷ್ಟ ತೀರಿದೆಯೆಂದು ಹೇಳಲಾಗದು. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಪೈಪೋಟಿ ಅವರನ್ನು ಬಾಧಿಸುತ್ತಲೇ ಇದೆ. ಆದರೂ ವಿದ್ಯೆ ಬದುಕಿದೆ. ಏಕೆ? ನಗರದವರು ಅದಕ್ಕೆ ಬೆಲೆ ಕೊಟ್ಟು ಕೊಂಡುಕೊಂಡರು, ಮತ್ತು ಕೊಂಡದ್ದನ್ನು ಹೆಮ್ಮೆಯಿಂದ ಮನೆಯಲ್ಲಿಟ್ಟರು. ಕಲ್ಲುಕುಟಿಗನ ವಿದ್ಯೆಗೂ, ಗಾರೆಯವನ ವಿದ್ಯೆಗೂ, ಹೆಂಚಿನ ಕುಂಬಾರನ ವಿದ್ಯೆಗೂ ಆ ಮರ್ಯಾದೆ ದೊರೆಯಲಿಲ್ಲ. ಬೊಂಬೆಯನ್ನು ಕೊಂಡವರು ಬೊಂಬೆಯ ಊರಿನಲ್ಲಿ ಮನೆ ಕಟ್ಟುವಾಗ ಮಾತ್ರ ಬೇರೆ ಕಡೆ ನೋಡಿದರು.

ಹಳೆಯ ವಿದ್ಯೆಗೆ ಹೊಸ ರೂಪ ಕೊಡಬಹುದೆಂಬುದು ನಮ್ಮ ಊಹೆಯಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರವಿದ್ಯೆಯ ಕೇಂದ್ರ ಹುಟ್ಟಿತು. ಪ್ರೊಫೆಸರ್ ಕೆ. ಎಸ್. ಜಗದೀಶ್ ಮೊದಲಾದವರು ಅಲ್ಲಿ ಮಣ್ಣಿನ ಗೋಡೆಯ ದೌರ್ಬಲ್ಯಗಳನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದರು. ಅವರು ರೂಢಿಗೆ ತಂದ ಕ್ರಮ ಇದು: ಮಣ್ಣಿಗೆ ಬೇಕಾದಷ್ಟು ಮರಳು ಸೇರಿಸಿ, ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಬೆರಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಇಟ್ಟಿಗೆಯಾಗಿ ಒತ್ತಿ, ಮೂರು ನಾಲ್ಕು ವಾರ ನೀರು ಚಿಮುಕಿಸಿ ಹದಮಾಡುವುದು. ಈ ಇಟ್ಟಿಗೆಗೆ ಗೂಡಿಲ್ಲ, ಸೌದೆಯಿಲ್ಲ, ಮಳೆಗೆ ಕರಗುವುದಿಲ್ಲ, ವರ್ಷವರ್ಷದ ಸಾರಣೆ ಬೇಕಿಲ್ಲ. ಪಾಯಕ್ಕೆ ತೋಡಿದ ಮಣ್ಣೇ ಅನೇಕ ಸಲ ಗೋಡೆಗೂ ಸಾಲುತ್ತದೆ. ಹೆಂಗಸರ ಬೆನ್ನಿನ ಮೇಲಿದ್ದ ಹೊರೆ ಇದರಿಂದ ಇಳಿಯಿತು. ಮಣ್ಣಿನ ಗುಣ ಮಾತ್ರ ಉಳಿಯಿತು. ಬೆಂಗಳೂರಿನಲ್ಲಿ ಇಂಥ ಇಟ್ಟಿಗೆಯ ಮನೆಗಳು ಇಂದು ಅನೇಕವಾಗಿವೆ.

ಕಲ್ಲಿನ ವಿಷಯದಲ್ಲಿಯೂ ನಮ್ಮ ಕಣ್ಣೆದುರಿಗೇ ಉದಾಹರಣೆಯುಂಟು. ರಾಮನಗರದ ಸೀಮೆಯಲ್ಲಿ ಹುಟ್ಟಿ ಮೈಸೂರು ಸಂಸ್ಥಾನದ ಮುಖ್ಯಮಂತ್ರಿಗಳಾದ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧಕ್ಕೆ 1951ರಲ್ಲಿ ಅಸ್ತಿಭಾರ ಬಿತ್ತು; 1956ರಲ್ಲಿ ಅದು ಮುಗಿಯಿತು. ಅದರ ಅಲಂಕಾರದಲ್ಲಿ ಮಾಗಡಿಯ ನಸುಗೆಂಪು ಕಲ್ಲೂ ಸೇರಿದೆ. ಸುಮಾರು 5,000 ಮಂದಿ ಕೂಲಿಗಾರರೂ 1,500 ಮಂದಿ ಕಲ್ಲು, ಗಾರೆ, ಮರಗಳ ಕುಶಲಿಗಳೂ ಅಲ್ಲಿ ದುಡಿದರು. ಖರ್ಚು ಹೆಚ್ಚೆಂದು ಆಗ ಆಕ್ಷೇಪಿಸಿದವರುಂಟು. ಆದರೆ ಇಪ್ಪತ್ತನೆಯ ಶತಮಾನದ ನಡುವೆಯೂ ಉಳಿ ಸುತ್ತಿಗೆಗಳಿಂದ ಇಂಥದೊಂದು ಸೌಧವನ್ನು ಎಬ್ಬಿಸುವ ಕೈಗಳು ನಾಡಿನಲ್ಲಿದ್ದುವೆಂಬುದಕ್ಕೆ ಅದೇ ಸಾಕ್ಷಿ. ಆ ಕೈಗಳ ಮೊಮ್ಮಕ್ಕಳು ಇಂದು ಏನು ಮಾಡುತ್ತಿದ್ದಾರೆ? ಬಹುಮಂದಿ ಜಲ್ಲಿಯ ಯಂತ್ರಗಳ ಧೂಳಿನಲ್ಲಿ ದುಡಿಯುತ್ತಿದ್ದಾರೆ, ಇಲ್ಲವೆ ಕಸುಬನ್ನೇ ಬಿಟ್ಟಿದ್ದಾರೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕಾಂಕ್ರೀಟಿನ ಮನೆ ಕಟ್ಟಿದವನು ಬೆಟ್ಟವನ್ನು ಮುಟ್ಟಲಿಲ್ಲವೆಂದು ತಿಳಿಯಬಾರದು. ಜಲ್ಲಿಯೆಂದರೆ ಪುಡಿಯಾದ ಬೆಟ್ಟ. ಮರಳಿಗೆ ಬದಲಾಗಿ ಈಗ ಬಳಸುವ ಕಲ್ಲುಪುಡಿಯೂ ಅದೇ. ಕಲ್ಲೊಡೆಯುವವನು ಪದರವನ್ನು ಬಿಡಿಸಿಕೊಂಡರೆ ಬಂಡೆ ಉಳಿಯುತ್ತದೆ. ಮದ್ದು ಸಿಡಿಸಿದರೆ ಬಂಡೆಯೇ ಇಲ್ಲವಾಗುತ್ತದೆ. ರಾಮದೇವರ ಬೆಟ್ಟದ ಬಿರುಕುಗಳಲ್ಲಿ ಗೂಡುಕಟ್ಟುವ ರಣಹದ್ದುಗಳಿಗಾಗಿ 2012ರಲ್ಲಿ ಸರ್ಕಾರ ಅದನ್ನು ವನ್ಯಧಾಮವೆಂದು ಸಾರಿತು. ಒಂದು ಬೆಟ್ಟಕ್ಕೆ ಹದ್ದುಗಳು ಕಾವಲಾದುವು. ಹದ್ದುಗಳಿಲ್ಲದ ಬೆಟ್ಟಗಳಿಗೆ ಕಾವಲು ಯಾರು? ಕಲ್ಲನ್ನು ಬಳಸಬೇಡಿ ಎಂದು ನಾವು ಹೇಳುವುದಿಲ್ಲ; ಕಲ್ಲೂ ಅಕ್ಷಯವಲ್ಲ, ಆದಕಾರಣ ಕಲ್ಲಾಗಿಯೇ ಬಳಸಿರಿ, ಪುಡಿಮಾಡಿ ಕಡಮೆ ಬಳಸಿರಿ ಎಂದು ಹೇಳುತ್ತೇವೆ. ಪಾಯಕ್ಕೂ ಮೆಟ್ಟಿಲಿಗೂ ಹಾಸಿಗೂ ಕಲ್ಲು, ಗೋಡೆಗೆ ಮಣ್ಣು, ಅಂಟಿಗೂ ಮೆತ್ತಿಗೂ ಸಾಧ್ಯವಿದ್ದಷ್ಟು ಸುಣ್ಣ, ಮಾಡಿಗೆ ಹೆಂಚು, ಎಲ್ಲಿ ಅನಿವಾರ್ಯವೋ ಅಲ್ಲಿ ಮಾತ್ರ ಕಬ್ಬಿಣ ಕಾಂಕ್ರೀಟು. ಇದು ಹಳೆಯದರ ಮೋಹವಲ್ಲ, ಲೆಕ್ಕಾಚಾರ.

ಲೆಕ್ಕಾಚಾರದ ಮಾತು ಬಂದದ್ದರಿಂದ ನೀರಿನ ಲೆಕ್ಕವನ್ನೂ ಹೇಳಿಬಿಡೋಣ. ಚನ್ನಪಟ್ಟಣದ ಸುತ್ತ ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆಯಾಗುತ್ತದೆ. ಸಾವಿರ ಚದರ ಅಡಿಯ ಮಾಡಿನ ಮೇಲೆ ಬೀಳುವ ನೀರು ಎಪ್ಪತ್ತು ಸಾವಿರ ಲೀಟರಿಗೆ ಮೀರುತ್ತದೆ. ಸೋರಿ ಆವಿಯಾಗಿ ಹೋದದ್ದನ್ನು ಕಳೆದರೂ, ಒಂದು ಸಣ್ಣ ಸಂಸಾರದ ಅಡಿಗೆಗೂ ಕುಡಿಯುವುದಕ್ಕೂ ಅದು ವರ್ಷಪೂರ್ತಿ ಸಾಕು. ಹಿಂದಿನವರು ತೊಟ್ಟಿಯ ನೀರನ್ನು ಹಿತ್ತಲಿಗೆ, ಹಿತ್ತಲಿನದನ್ನು ಕೆರೆಗೆ ಹರಿಸಿದರು. ಕೆರೆ ಬಾವಿಯನ್ನು ತುಂಬಿತು. ನಾವು ಸಾವಿರ ಅಡಿ ಕೊಳವೆ ಇಳಿಸಿ, ಮಾಡಿನ ನೀರನ್ನು ಚರಂಡಿಗೆ ಬಿಡುತ್ತೇವೆ. ತೋಟದ ಮನೆ ಕಟ್ಟುವವರು ಮೊದಲು ನೀರು ಎಲ್ಲಿ ಹರಿಯುತ್ತದೆಂದು ನೋಡಿ, ಆಮೇಲೆ ಮನೆಯ ಜಾಗವನ್ನು ಗುರುತಿಸಿದರೆ ಅರ್ಧ ತೋಟ ಬೆಳೆದಂತೆಯೇ ಸರಿ. ಇರುವ ಹುಣಸೆ, ಹೊಂಗೆ, ಬೇವುಗಳನ್ನು ಕಡಿಯದೆ ಅವುಗಳ ನೆರಳಿಗೆ ಮನೆಯನ್ನು ಹೊಂದಿಸಿದರೆ ಇನ್ನರ್ಧ. ನಾಲ್ಕು ಹಾಲೆ ಸಸಿಗಳನ್ನು ಬೇಲಿಗೆ ನೆಟ್ಟರೆ, ಮುಂದೊಂದು ದಿನ ಬೊಂಬೆಯವರಿಗೂ ಉಪಕಾರ.

ನಮ್ಮ ಮನೆತನಗಳು ಹೇಗೆ ಬಾಳಿದುವೆಂಬುದನ್ನು ಕಣ್ಣಾರೆ ಕಾಣಬೇಕೆನ್ನುವವರು ರಾಮನಗರದ ಬಳಿಯ ಜಾನಪದ ಲೋಕಕ್ಕೆ ಹೋಗಬೇಕು. ಎಚ್. ಎಲ್. ನಾಗೇಗೌಡರು 15 ಎಕರೆ ನೆಲದಲ್ಲಿ ಅದನ್ನು ಬೆಳೆಸಿ 1994ರಲ್ಲಿ ತೆರೆದರು. ಕೃಷಿಯ ಉಪಕರಣಗಳು, ಗುಡಾಣಗಳು, ಕೆತ್ತಿದ ಬಾಗಿಲುಗಳು, ಆಯಗಾರರ ಸಾಮಾನುಗಳು ಎಲ್ಲವೂ ಅಲ್ಲಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಸ್ಥಳ. ಆದರೆ ಒಂದು ವಿದ್ಯೆ ವಸ್ತುಸಂಗ್ರಹಾಲಯದಲ್ಲಿ ಮಾತ್ರ ಉಳಿದರೆ ಅದು ಉಳಿಯಿತೆಂದು ಹೇಳಲಾಗುವುದಿಲ್ಲ, ನೆನಪು ಉಳಿಯಿತೆನ್ನಬಹುದು. ಇಂಗ್ಲೆಂಡಿನಲ್ಲಿ ರಸ್ಕಿನ್ ಮತ್ತು ವಿಲಿಯಂ ಮಾರಿಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಕೈಗೆಲಸದ ಪರವಾಗಿ ಎಷ್ಟೋ ಬರೆದರು, ಎಷ್ಟೋ ಮಾತನಾಡಿದರು. ಅವರ ಮಾತಿನ ಸಾರ ಇಷ್ಟೇ: ಮಾಡುವವನಿಗೆ ಸಂತೋಷ ಕೊಡದ ಕೆಲಸ ಬಳಸುವವನಿಗೂ ಸಂತೋಷ ಕೊಡದು. ಇದನ್ನು ಕಾಲೇಜಿನಲ್ಲಿ ನಾವು ಓದಿದೆವು, ಪರೀಕ್ಷೆಯಲ್ಲಿ ಬರೆದೆವು. ಅದೇ ಮಾತನ್ನು ನಮ್ಮ ಗಾರೆಯವನು ತನ್ನ ಕರಣೆಯಿಂದ ಹೇಳುತ್ತಿದ್ದಾಗ ಕೇಳುವ ಪುರಸೊತ್ತು ಮಾತ್ರ ನಮಗೆ ಇರಲಿಲ್ಲ.

ಈ ಸೀಮೆಯಲ್ಲಿ ಸುಣ್ಣದ ಹದವನ್ನು ಬೆರಳಿನಿಂದ ಹೇಳಬಲ್ಲ ಮುದುಕರು, ಬಂಡೆಯ ಸದ್ದನ್ನು ಕೇಳಿ ಪದರದ ಗಾತ್ರವನ್ನು ಹೇಳಬಲ್ಲ ಮುದುಕರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರ ಮಕ್ಕಳು ಕಲಿಯುವುದು ಬಿಡುವುದು ಕೆಲಸ ಸಿಕ್ಕುವುದನ್ನು ಅವಲಂಬಿಸಿದೆ; ಕೆಲಸ ಸಿಕ್ಕುವುದು ಕಟ್ಟಿಸುವವರನ್ನು ಅವಲಂಬಿಸಿದೆ; ಕಟ್ಟಿಸುವವರು ಈ ಮಾತನ್ನು ಕೇಳುತ್ತಿರುವಂಥವರೇ. ಇದಕ್ಕೆ ಸರ್ಕಾರದ ಅಪ್ಪಣೆ ಬೇಕಾಗಿಲ್ಲ, ಸಭೆ ಸಮಿತಿಗಳೂ ಬೇಕಾಗಿಲ್ಲ. ಚನ್ನಪಟ್ಟಣದ ಕಡೆ ಮನೆ ಕಟ್ಟಬೇಕೆಂದಿರುವವರು ನಕ್ಷೆ ಬರೆಸುವ ಮುನ್ನ ಒಂದು ದಿನ ಆ ಊರಿನ ಸುತ್ತ ಐದು ಮೈಲಿ ನಡೆದು, ಯಾವ ಮಣ್ಣು, ಯಾವ ಕಲ್ಲು, ಯಾವ ಮರ, ಯಾವ ಕೈಗಳು ಅಲ್ಲಿವೆ ಎಂಬುದನ್ನು ವಿಚಾರಿಸಿಕೊಳ್ಳಲಿ. ಕೂಲಿಯನ್ನು ಚೌಕಾಸಿ ಮಾಡದೆ ಕೊಡಲಿ. ಒಬ್ಬ ಮುದುಕನ ಜೊತೆಗೆ ಇಬ್ಬರು ಹುಡುಗರನ್ನೂ ಕೆಲಸಕ್ಕೆ ಹಚ್ಚಲಿ. ಆಗ ಮನೆಯೊಂದು ಏಳುವುದರ ಜೊತೆಗೆ ವಿದ್ಯೆಯೊಂದು ಇನ್ನೊಂದು ತಲೆಮಾರಿಗೆ ದಾಟುತ್ತದೆ.